ಹಳೆಯ ಲ್ಯಾಪ್‌ಟಾಪ್ ನಿಧಾನವಾಗಲು ಪ್ರೊಸೆಸರ್‌ಗೆ ವಯಸ್ಸಾಗಿರುವುದೇ ಕಾರಣವೇ?

ಸಂಕ್ಷಿಪ್ತವಾಗಿ

ಹಳೆಯ ಲ್ಯಾಪ್‌ಟಾಪ್ ನಿಧಾನವಾದರೆ ಅದರ ಪ್ರೊಸೆಸರ್ ಸವೆದುಹೋಗಿದೆ, ಅದನ್ನು ಬದಲಿಸಬೇಕು ಅಥವಾ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕು ಎಂಬ ಮಾತು ಸಾಮಾನ್ಯ. ಇನ್ನೊಂದು ಕಡೆ, ಒಂದೇ ಒಂದು ಸೆಟ್ಟಿಂಗ್ ಬದಲಿಸಿದರೆ ಲ್ಯಾಪ್‌ಟಾಪ್ ಹತ್ತು ಪಟ್ಟು ವೇಗವಾಗುತ್ತದೆ ಎನ್ನುವ ಸಂದೇಶಗಳೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ. ನಾವು ಈ ಹೇಳಿಕೆಗಳನ್ನು ಒಂದೊಂದಾಗಿ ಪರಿಶೀಲಿಸಿದ್ದೇವೆ. ಮೊದಲನೆಯದು ಬಹುಪಾಲು ತಪ್ಪು. ಎರಡನೆಯದು ಪೂರ್ತಿ ತಪ್ಪು. ಹೆಚ್ಚಿನ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಇರುವುದು ಹಾರ್ಡ್ ಡಿಸ್ಕ್, ಕಡಿಮೆ ರ‍್ಯಾಮ್ ಅಥವಾ ಬಿಸಿಯಲ್ಲಿ. ಯಾವುದರಲ್ಲಿ ಎಂದು ನೀವೇ ಐದು ನಿಮಿಷದಲ್ಲಿ ನೋಡಿಕೊಳ್ಳಬಹುದು. ಹಣ ಖರ್ಚು ಮಾಡುವ ಮುನ್ನ ಅದನ್ನು ನೋಡುವುದು ಒಳ್ಳೆಯದು.

ಪ್ರೊಸೆಸರ್‌ಗೆ ವಯಸ್ಸಾದರೆ ಅದು ನಿಧಾನವಾಗುತ್ತದೆಯೇ?

ಇಲ್ಲ. ಪ್ರೊಸೆಸರ್ ಒಳಗೆ ತಿರುಗುವ, ಉಜ್ಜುವ ಭಾಗಗಳಿಲ್ಲ. ವರ್ಷಗಟ್ಟಲೆ ವಿದ್ಯುತ್ ಹರಿದಾಗ ಅದರೊಳಗಿನ ಸೂಕ್ಷ್ಮ ತಂತಿಗಳು ಮತ್ತು ಟ್ರಾನ್ಸಿಸ್ಟರ್‌ಗಳು ಸ್ವಲ್ಪ ಸವೆಯುವುದು ನಿಜ. ಆದರೆ ಅದನ್ನು ಲೆಕ್ಕ ಹಾಕಿಯೇ ತಯಾರಕರು ಅಂತರವಿಟ್ಟು ವೇಗವನ್ನು ನಿಗದಿ ಮಾಡಿರುತ್ತಾರೆ. 2.4 ಗಿಗಾಹರ್ಟ್ಸ್ ಎಂದು ಕೊಂಡ ಪ್ರೊಸೆಸರ್ ಎಂಟು ವರ್ಷದ ನಂತರವೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಕೆಟ್ಟರೆ ಅದು ನಿಂತುಹೋಗುತ್ತದೆ, ಇಲ್ಲವೇ ಕಂಪ್ಯೂಟರ್ ಪದೇಪದೇ ಹ್ಯಾಂಗ್ ಆಗುತ್ತದೆ. ಮುದುಕರಂತೆ ಮೆಲ್ಲಗೆ ನಡೆಯುವುದು ಅದರ ಸ್ವಭಾವವಲ್ಲ.

ಇದಕ್ಕೆ ಒಂದು ಅಪವಾದವಿದೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಭದ್ರತಾ ದೋಷಗಳು ಬೆಳಕಿಗೆ ಬಂದವು. ಅವನ್ನು ಮುಚ್ಚಲು ಬಂದ ಅಪ್‌ಡೇಟ್‌ಗಳು ಹಳೆಯ ಇಂಟೆಲ್ ಪ್ರೊಸೆಸರ್‌ಗಳ ವೇಗವನ್ನು ಸ್ವಲ್ಪ ತಗ್ಗಿಸಿದವು. 2015ರ ಆಸುಪಾಸಿನ ಮತ್ತು ಅದಕ್ಕೂ ಹಳೆಯ ಕಂಪ್ಯೂಟರ್‌ಗಳಲ್ಲಿ ವ್ಯತ್ಯಾಸ ಹೆಚ್ಚು ಕಾಣಬಹುದು ಎಂದು ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ಆದರೂ ಲ್ಯಾಪ್‌ಟಾಪ್ ಆನ್ ಆಗಲು ಐದು ನಿಮಿಷ ಹಿಡಿಯುವುದಕ್ಕೆ ಅದು ಕಾರಣವಲ್ಲ.

ಹಾಗಿದ್ದರೆ ಬದಲಾದದ್ದು ಏನು? ಬದಲಾದದ್ದು ಪ್ರೊಸೆಸರ್‌ನ ಮೇಲಿನ ಹೊರೆ. ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದ ಸ್ವಿಟ್ಜರ್‌ಲೆಂಡ್‌ನ ಕಂಪ್ಯೂಟರ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಇದನ್ನು ಗುರುತಿಸಿದ್ದರು: ಯಂತ್ರಗಳು ವೇಗವಾಗುವುದಕ್ಕಿಂತ ಬೇಗ ತಂತ್ರಾಂಶಗಳು ಭಾರವಾಗುತ್ತಿವೆ. ಇವತ್ತಿನ ಬ್ರೌಸರ್, ಇವತ್ತಿನ ವಿಂಡೋಸ್, ಇವತ್ತಿನ ಆಂಟಿವೈರಸ್ 2014ರ ಲ್ಯಾಪ್‌ಟಾಪ್‌ನ ಮೇಲೆ ಕೂತಿವೆ.

ಹಾಗಾದರೆ ನಿಧಾನ ಆಗುವುದು ಎಲ್ಲಿ?

ಒಂದು ಮದುವೆಮನೆಯ ಅಡುಗೆಯನ್ನು ನೆನೆಸಿಕೊಳ್ಳಿ. ಪ್ರೊಸೆಸರ್ ಎಂದರೆ ಅಡುಗೆ ಭಟ್ಟರು. ರ‍್ಯಾಮ್ ಎಂದರೆ ಅವರ ಕೈಗೆ ಸಿಗುವ ಕಟ್ಟೆ. ಹಾರ್ಡ್ ಡಿಸ್ಕ್ ಎಂದರೆ ಸಾಮಾನು ತುಂಬಿಟ್ಟ ಉಗ್ರಾಣ. ಭಟ್ಟರು ಎಷ್ಟೇ ಚುರುಕಾಗಿದ್ದರೂ ಉಗ್ರಾಣದಿಂದ ಬೇಳೆ ಬರುವವರೆಗೆ ಕಾಯಲೇಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಆಗುವುದು ಇದೇ.

ಹಾರ್ಡ್ ಡಿಸ್ಕ್: ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯಾದ ಜಾಗಕ್ಕೆ ಸರಿಯುವ ಸಮಯವೂ ಸೇರಿದರೆ ಒಂದು ಸಣ್ಣ ಕಡತ ಹುಡುಕಲು 10ರಿಂದ 20 ಮಿಲಿಸೆಕೆಂಡ್ ಆಗುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸು. ವಿಂಡೋಸ್ ಆನ್ ಆಗುವಾಗ ಇಂಥ ಸಾವಿರಾರು ಸಣ್ಣ ಓದುಗಳು ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದೇ ಕೆಲಸ ಸುಮಾರು 0.1 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದವರು ಹೊಸದನ್ನೇ ಕೊಂಡ ಹಾಗಾಯಿತು ಎನ್ನುವುದು ಈ ಕಾರಣಕ್ಕೆ.

ರ‍್ಯಾಮ್: 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಪಾಲನ್ನು ವಿಂಡೋಸ್ ಒಂದೇ ತೆಗೆದುಕೊಳ್ಳುತ್ತದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಕಟ್ಟೆ ಭರ್ತಿ. ಆಗ ಕಂಪ್ಯೂಟರ್ ಕಟ್ಟೆಯ ಮೇಲಿನ ಸಾಮಾನನ್ನು ಉಗ್ರಾಣಕ್ಕೆ ಒಯ್ಯುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಉಗ್ರಾಣ ಹಾರ್ಡ್ ಡಿಸ್ಕ್ ಆಗಿದ್ದರೆ ಮೌಸ್ ಕೂಡ ಅಲುಗಾಡುವುದಿಲ್ಲ.

ಬಿಸಿ: ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ತಾಳಿಕೊಳ್ಳುವ ಗರಿಷ್ಠ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಮಿತಿ ಹತ್ತಿರವಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಫ್ಯಾನ್‌ನಲ್ಲಿ ಧೂಳು ಕಟ್ಟಿದ್ದರೆ, ಪ್ರೊಸೆಸರ್ ಮತ್ತು ಅದರ ತಾಮ್ರದ ಪಟ್ಟಿಯ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಿದ್ದರೆ ಇದು ಬೇಗ ಆಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಇರುವಾಗ ಇನ್ನೂ ಬೇಗ. ‘ಹಳೆಯ ಪ್ರೊಸೆಸರ್ ನಿಧಾನವಾಗಿದೆ’ ಎಂದು ಅನ್ನಿಸುವುದರ ಹಿಂದೆ ಎಷ್ಟೋ ಸಲ ಇರುವುದು ಈ ಧೂಳು.

ಐದು ನಿಮಿಷದ ಪರೀಕ್ಷೆ

ಲ್ಯಾಪ್‌ಟಾಪ್ ಆನ್ ಮಾಡಿ ಹತ್ತು ನಿಮಿಷ ಬಿಡಿ. ನೀವು ದಿನವೂ ಮಾಡುವ ಕೆಲಸ ಶುರು ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ.

1. ಡಿಸ್ಕ್ ಶೇ. 100ರಲ್ಲೇ ನಿಂತಿದ್ದು, ಅದು ಹಾರ್ಡ್ ಡಿಸ್ಕ್ ಆಗಿದ್ದರೆ ತಡೆ ಅಲ್ಲೇ ಇದೆ. ಎಸ್‌ಎಸ್‌ಡಿ ಹಾಕಿಸುವುದು ಪರಿಹಾರ.

2. ಮೆಮೊರಿ ಸದಾ ಶೇ. 85ಕ್ಕಿಂತ ಮೇಲಿದ್ದರೆ ರ‍್ಯಾಮ್ ಸಾಲದು.

3. ಸಿಪಿಯು ಶೇ. 100ರ ಹತ್ತಿರವಿದ್ದರೆ ಯಾವ ಪ್ರೋಗ್ರಾಂ ಅದನ್ನು ಬಳಸುತ್ತಿದೆ ಎಂದು ಪ್ರೊಸೆಸಸ್ ಭಾಗದಲ್ಲಿ ನೋಡಿ. ಎರಡು ಆಂಟಿವೈರಸ್ ಒಟ್ಟಿಗೆ ಓಡುತ್ತಿರಬಹುದು. ನಿಮಗೆ ಗೊತ್ತಿಲ್ಲದ ಪ್ರೋಗ್ರಾಂ ಆಗಿದ್ದರೆ ಮಾಲ್‌ವೇರ್ ಇರಬಹುದು, ಪೂರ್ತಿ ಸ್ಕ್ಯಾನ್ ಮಾಡಿಸಿ.

4. ಸಿಪಿಯು ಭಾಗದಲ್ಲಿ ‘ಸ್ಪೀಡ್’ ಮತ್ತು ‘ಬೇಸ್ ಸ್ಪೀಡ್’ ಎಂಬ ಎರಡು ಸಂಖ್ಯೆಗಳಿರುತ್ತವೆ. ಭಾರಿ ಕೆಲಸ ನಡೆಯುವಾಗಲೂ ಸ್ಪೀಡ್, ಬೇಸ್ ಸ್ಪೀಡ್‌ಗಿಂತ ಕೆಳಗೆ ಇಳಿಯುತ್ತಿದ್ದರೆ ಬಿಸಿಯ ಬಗ್ಗೆ ಅನುಮಾನ ಪಡಿ. ಫ್ಯಾನ್ ಸ್ವಚ್ಛ ಮಾಡಿಸಿ, ಪೇಸ್ಟ್ ಬದಲಿಸಿ.

5. ಡಿಸ್ಕ್ ಮತ್ತು ಮೆಮೊರಿ ಎರಡೂ ಆರಾಮಾಗಿದ್ದು, ತಂಪಾಗಿರುವಾಗಲೂ ನಿಮ್ಮದೇ ಕೆಲಸಕ್ಕೆ ಸಿಪಿಯು ಭರ್ತಿಯಾಗುತ್ತಿದ್ದರೆ ಮಾತ್ರ ಪ್ರೊಸೆಸರ್ ಸಾಲದು ಎನ್ನಬಹುದು. ವಿಡಿಯೊ ಎಡಿಟಿಂಗ್, ಹೊಸ ಗೇಮ್‌ಗಳು, ದೊಡ್ಡ ಪ್ರೋಗ್ರಾಮಿಂಗ್ ಕೆಲಸಗಳಲ್ಲಿ ಹೀಗಾಗುತ್ತದೆ. ಪಾಠ ಕೇಳುವುದು, ಟೈಪ್ ಮಾಡುವುದು, ಬ್ಯಾಂಕ್ ಕೆಲಸ, ಅರ್ಜಿ ತುಂಬುವುದು ಇವುಗಳಲ್ಲಿ ಅಪರೂಪ.

ಇದರ ಜೊತೆಗೆ ಸ್ಟಾರ್ಟಪ್ ಭಾಗದಲ್ಲಿ, ಲ್ಯಾಪ್‌ಟಾಪ್ ಆನ್ ಆದ ತಕ್ಷಣ ತಾವಾಗಿಯೇ ಶುರುವಾಗುವ ಪ್ರೋಗ್ರಾಂಗಳಲ್ಲಿ ಬೇಡವಾದುವನ್ನು ಡಿಸೇಬಲ್ ಮಾಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಫಾರ್ವರ್ಡ್ ಸಂದೇಶಗಳು ಹೇಳುವುದು ನಿಜವೇ?

‘ಎಂಎಸ್‌ಕಾನ್ಫಿಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸಿ’: ತಪ್ಪು. ವಿಂಡೋಸ್ ಮೊದಲಿನಿಂದಲೂ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಆ ಆಯ್ಕೆ ಇರುವುದು ಪರೀಕ್ಷೆಗಾಗಿ ಕೋರ್‌ಗಳನ್ನು ಕಡಿಮೆ ಮಾಡಲು. ಅಲ್ಲಿ ತಪ್ಪಿ ಚಿಕ್ಕ ಸಂಖ್ಯೆ ಆರಿಸಿದರೆ ಲ್ಯಾಪ್‌ಟಾಪ್ ಇನ್ನೂ ನಿಧಾನವಾಗುತ್ತದೆ. ಆಗಲೇ ಬದಲಿಸಿದ್ದರೆ ಅಲ್ಲಿನ ಟಿಕ್ ಗುರುತು ತೆಗೆದು ರೀಸ್ಟಾರ್ಟ್ ಮಾಡಿ.

‘ಡೆಸ್ಕ್‌ಟಾಪ್‌ನಲ್ಲಿ ಪದೇಪದೇ ರಿಫ್ರೆಶ್ ಒತ್ತಿ’: ತಪ್ಪು. ರಿಫ್ರೆಶ್ ಮಾಡಿದರೆ ಪರದೆಯ ಮೇಲಿನ ಐಕಾನ್‌ಗಳನ್ನು ಮತ್ತೊಮ್ಮೆ ಬಿಡಿಸಲಾಗುತ್ತದೆ, ಅಷ್ಟೆ. ರ‍್ಯಾಮ್ ಖಾಲಿಯಾಗುವುದಿಲ್ಲ.

‘ಪ್ರಿಫೆಚ್ ಫೋಲ್ಡರ್ ಅಳಿಸಿ’: ತಪ್ಪು. ನೀವು ಹೆಚ್ಚು ಬಳಸುವ ಪ್ರೋಗ್ರಾಂ ಬೇಗ ತೆರೆಯಲಿ ಎಂದು 2001ರ ವಿಂಡೋಸ್ ಎಕ್ಸ್‌ಪಿಯಿಂದಲೂ ವಿಂಡೋಸ್ ಈ ಟಿಪ್ಪಣಿಗಳನ್ನು ಇಟ್ಟುಕೊಳ್ಳುತ್ತದೆ. ಅಳಿಸಿದರೆ ಮುಂದಿನ ಬಾರಿ ಅವು ಇನ್ನೂ ನಿಧಾನವಾಗಿ ತೆರೆಯುತ್ತವೆ.

‘ಟೆಂಪ್ ಫೈಲ್‌ಗಳನ್ನು ಅಳಿಸಿ’: ಅರ್ಧ ಸತ್ಯ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಜಾಗ ಬಿಡಿಸುವುದರಿಂದ ಪ್ರಯೋಜನವಿದೆ. ಅರ್ಧ ಡ್ರೈವ್ ಖಾಲಿಯೇ ಇದ್ದರೆ ವೇಗದಲ್ಲಿ ವ್ಯತ್ಯಾಸ ಕಾಣುವುದಿಲ್ಲ.

‘ಪೆನ್‌ಡ್ರೈವ್ ಹಾಕಿ ರ‍್ಯಾಮ್ ಹೆಚ್ಚಿಸಿಕೊಳ್ಳಿ’: ಅರ್ಧ ಸತ್ಯ. 2007ರ ವಿಂಡೋಸ್ ವಿಸ್ಟಾದೊಂದಿಗೆ ರೆಡಿಬೂಸ್ಟ್ ಎಂಬ ಸೌಲಭ್ಯ ಬಂದದ್ದು ನಿಜ. ಅದು ಹಾರ್ಡ್ ಡಿಸ್ಕ್‌ಗೆ ಸ್ವಲ್ಪ ನೆರವಾಗುತ್ತಿತ್ತು. ಪೆನ್‌ಡ್ರೈವ್ ರ‍್ಯಾಮ್ ಆಗುವುದಿಲ್ಲ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗೆ ಅದರಿಂದ ಏನೂ ಲಾಭವಿಲ್ಲ.

‘ರ‍್ಯಾಮ್ ಹೆಚ್ಚಿಸುವ ತಂತ್ರಾಂಶ ಡೌನ್‌ಲೋಡ್ ಮಾಡಿ’: ತಪ್ಪು. ಈ ಮೋಸಕ್ಕೆ ಹಳೆಯ ಇತಿಹಾಸವಿದೆ. 1995ರಲ್ಲಿ ಅಮೆರಿಕದ ಸಿಂಕ್ರೊನಿಸ್ ಸಾಫ್ಟ್‌ಕಾರ್ಪ್ ಎಂಬ ಕಂಪನಿ ‘ಸಾಫ್ಟ್‌ರ‍್ಯಾಮ್95’ ಎಂಬ ತಂತ್ರಾಂಶ ಮಾರಿತು. ರ‍್ಯಾಮ್ ಎರಡು ಪಟ್ಟಾಗುತ್ತದೆ ಎಂಬುದು ಅದರ ಜಾಹೀರಾತು. ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಮಾರ್ಕ್ ರಸಿನೊವಿಚ್ ಮತ್ತು ಅವರ ಜೊತೆಗಾರರು ಅದನ್ನು ಬಿಚ್ಚಿ ನೋಡಿದಾಗ ಅದು ರ‍್ಯಾಮ್ ಹೆಚ್ಚಿಸುವ ಕೆಲಸವನ್ನೇ ಮಾಡುತ್ತಿರಲಿಲ್ಲ. 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಇಂದಿನ ‘ಬೂಸ್ಟರ್’ಗಳು ಮಾಡುವುದು ಕಟ್ಟೆಯ ಮೇಲಿನ ಸಾಮಾನನ್ನು ಉಗ್ರಾಣಕ್ಕೆ ತಳ್ಳಿ ‘ನೋಡಿ, ಖಾಲಿಯಾಯಿತು’ ಎಂದು ತೋರಿಸುವುದು. ಅದೇ ಸಾಮಾನನ್ನು ಮತ್ತೆ ಹೊತ್ತು ತರಬೇಕಾಗುತ್ತದೆ.

‘ರಿಜಿಸ್ಟ್ರಿ ಕ್ಲೀನರ್ ಬಳಸಿ’: ತಪ್ಪು. ಇಂಥ ತಂತ್ರಾಂಶಗಳ ಬಳಕೆಯನ್ನು ಮೈಕ್ರೋಸಾಫ್ಟ್ ಬೆಂಬಲಿಸುವುದಿಲ್ಲ. ವೇಗ ಹೆಚ್ಚುವುದಿಲ್ಲ, ವಿಂಡೋಸ್ ಕೆಡುವ ಅಪಾಯ ಮಾತ್ರ ಹೆಚ್ಚುತ್ತದೆ.

ಲ್ಯಾಪ್‌ಟಾಪ್‌ನ ಪ್ರೊಸೆಸರ್ ಬದಲಿಸಬಹುದೇ?

ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಗುವುದಿಲ್ಲ. ಇಂಟೆಲ್‌ನ ನಾಲ್ಕನೆಯ ಪೀಳಿಗೆಯವರೆಗೆ, ಅಂದರೆ 2013ರ ಆಸುಪಾಸಿನವರೆಗೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಸಾಕೆಟ್‌ನಲ್ಲಿ ಕೂರುತ್ತಿತ್ತು. ಉದಾಹರಣೆಗೆ ಐ5-4200ಎಂ ತೆಗೆದು ಹಾಕಬಹುದಾದದ್ದು. ಹೆಸರಿನಲ್ಲಿ ಒಂದೇ ಅಕ್ಷರ ಬೇರೆಯಿರುವ ಐ5-4200ಯು ಬೋರ್ಡ್‌ಗೇ ಬೆಸುಗೆ ಹಾಕಿದ್ದು. ಐದನೆಯ ಪೀಳಿಗೆಯಿಂದ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳೆಲ್ಲ ಬೆಸುಗೆ ಹಾಕಿದವೇ. ನಿಮ್ಮ ಲ್ಯಾಪ್‌ಟಾಪ್ ಅದಕ್ಕಿಂತ ಹೊಸದಾಗಿದ್ದು, ಯಾರಾದರೂ ‘ಪ್ರೊಸೆಸರ್ ಮಾತ್ರ ಬದಲಿಸಿ ಕೊಡುತ್ತೇವೆ’ ಎಂದರೆ, ಬದಲಾಗುವುದು ಇಡೀ ಮದರ್‌ಬೋರ್ಡೇ ಎಂದು ಕೇಳಿ ತಿಳಿದುಕೊಳ್ಳಿ. ಆ ಖರ್ಚು ಹೆಚ್ಚಾಗಿ ಹಳೆಯ ಲ್ಯಾಪ್‌ಟಾಪ್‌ನ ಬೆಲೆಗೆ ತಕ್ಕುದಾಗಿರುವುದಿಲ್ಲ.

‘ಕಸ್ಟಮ್ ಪ್ರೊಸೆಸರ್’ ಎಂದರೆ ಏನು?

ನಮ್ಮ ಅಗತ್ಯಕ್ಕೆ ತಕ್ಕಂತೆ ಅಂಗಡಿಯವರು ಮಾಡಿಕೊಡುವ ಪ್ರೊಸೆಸರ್ ಅಲ್ಲ. ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯೇ ತನ್ನ ಯಂತ್ರಕ್ಕೆ ಹೊಂದುವಂತೆ ವಿನ್ಯಾಸ ಮಾಡಿಸಿಕೊಂಡ ಪ್ರೊಸೆಸರ್. ಇದು ಸಣ್ಣ ಕೆಲಸವಲ್ಲ. ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ವಿನ್ಯಾಸಗೊಂಡು 2008ರಲ್ಲಿ ಬಂದ ಆರು ಕೋರ್‌ಗಳ ಕ್ಸಿಯಾನ್ 7400 ಸರ್ವರ್ ಪ್ರೊಸೆಸರ್‌ನ ಹಿಂದೆ ದೊಡ್ಡ ತಂಡದ ವರ್ಷಗಟ್ಟಲೆ ದುಡಿಮೆ ಇತ್ತು.

ಲ್ಯಾಪ್‌ಟಾಪ್‌ಗಳಲ್ಲಿ ಇದರ ಹೆಸರಾಂತ ಉದಾಹರಣೆ ಆ್ಯಪಲ್. ಇಂಟೆಲ್ ಪ್ರೊಸೆಸರ್ ಬಳಸುತ್ತಿದ್ದ ಆ್ಯಪಲ್, 2020ರ ನವೆಂಬರ್‌ನಲ್ಲಿ ತನ್ನದೇ ವಿನ್ಯಾಸದ ಎಂ1 ಚಿಪ್ ತಂದಿತು. ಅದರಲ್ಲಿ 1,600 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಎಂಟು ಕೋರ್‌ಗಳಲ್ಲಿ ನಾಲ್ಕು ಭಾರಿ ಕೆಲಸಕ್ಕೆ, ನಾಲ್ಕು ಕಡಿಮೆ ವಿದ್ಯುತ್‌ನಲ್ಲಿ ಹಗುರ ಕೆಲಸಕ್ಕೆ. ರ‍್ಯಾಮ್ ಕೂಡ ಚಿಪ್‌ನ ಪಕ್ಕದಲ್ಲೇ ಒಂದೇ ಪೊಟ್ಟಣದಲ್ಲಿದೆ. ಕಟ್ಟೆಯನ್ನು ಭಟ್ಟರ ಮಗ್ಗುಲಿಗೇ ತಂದಂತೆ. ಹೀಗಾಗಿ ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಕೂಡ ವೇಗವಾಗಿ ಓಡುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 2024ರ ಜೂನ್‌ನಿಂದ ಕ್ವಾಲ್‌ಕಾಮ್‌ನ ಸ್ನಾಪ್‌ಡ್ರ್ಯಾಗನ್ ಎಕ್ಸ್ ಸರಣಿಯ ಚಿಪ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಮಾರುಕಟ್ಟೆಯಲ್ಲಿವೆ. ಇದು ಫೋನ್‌ಗಳಲ್ಲಿರುವ ಆರ್ಮ್ ಮಾದರಿಯ ಚಿಪ್.

ಕೊಳ್ಳುವವರು ಗಮನಿಸಬೇಕಾದದ್ದು ಎರಡು. ಒಂದು, ಪೊಟ್ಟಣದೊಳಗಿನ ರ‍್ಯಾಮನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನವೇ ಮುಂದಿನ ಆರೇಳು ವರ್ಷಕ್ಕೆ ಸಾಕಾಗುವಷ್ಟು ರ‍್ಯಾಮ್ ಇರುವುದನ್ನು ಆರಿಸಬೇಕು. ಎರಡು, ಆರ್ಮ್ ಚಿಪ್‌ನ ವಿಂಡೋಸ್ ಹಳೆಯ ಪ್ರೋಗ್ರಾಂಗಳನ್ನು ಭಾಷಾಂತರಿಸಿಕೊಂಡು ಓಡಿಸುತ್ತದೆ, ಆದರೆ ಡ್ರೈವರ್‌ಗಳನ್ನು ಹಾಗೆ ಓಡಿಸಲಾಗದು. ನಿಮ್ಮ ಹಳೆಯ ಪ್ರಿಂಟರ್, ಸ್ಕ್ಯಾನರ್ ಅಥವಾ ಬೆರಳಚ್ಚು ಯಂತ್ರಕ್ಕೆ ಆರ್ಮ್ ಡ್ರೈವರ್ ಇದೆಯೇ ಎಂದು ಮೊದಲೇ ಕೇಳಿ.

‘ಐ7 ಇದೆ, ತಗೊಳ್ಳಿ’ ಎಂದರೆ?

ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲಿ. ಐ7 ಯಾವಾಗಲೂ ಐ5ಗಿಂತ ಮೇಲು ಎಂಬುದು ತಪ್ಪು. 2016ರ ಐ7-7500ಯು ಪ್ರೊಸೆಸರ್‌ನಲ್ಲಿ ಇರುವುದು ಎರಡು ಕೋರ್. 2017ರ ಐ5-8250ಯುನಲ್ಲಿ ನಾಲ್ಕು ಕೋರ್. ಹೆಸರಿನಲ್ಲಿ ಚಿಕ್ಕದಾದ ಎರಡನೆಯದೇ ಒಟ್ಟಾರೆ ಸಾಮರ್ಥ್ಯದಲ್ಲಿ ಮುಂದಿದೆ. ಅಷ್ಟೇ ಅಲ್ಲ, ಅದು ವಿಂಡೋಸ್ 11ಕ್ಕೆ ಅರ್ಹವಾದ ಪಟ್ಟಿಯಲ್ಲಿದೆ. ಆ ಐ7 ಪಟ್ಟಿಯಲ್ಲಿಲ್ಲ.

ಆದ್ದರಿಂದ ‘ಐ5’, ‘ಐ7’ ನಂತರದ ಸಂಖ್ಯೆಯನ್ನು ಓದಿ. 8250ರಲ್ಲಿ ಮೊದಲ 8 ಎಂದರೆ ಎಂಟನೆಯ ಪೀಳಿಗೆ. 10210, 1135 ಎಂದು 10 ಅಥವಾ 11ರಿಂದ ಶುರುವಾದರೆ ಹತ್ತನೆಯ, ಹನ್ನೊಂದನೆಯ ಪೀಳಿಗೆ. ಸ್ಟಿಕ್ಕರ್ ನಂಬಬೇಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪೂರ್ತಿ ಹೆಸರು ನೋಡಿ.

ವಿಂಡೋಸ್ 10 ನಿಂತಿತಲ್ಲ, ಲ್ಯಾಪ್‌ಟಾಪ್ ಎಸೆಯಬೇಕೇ?

ಬೇಕಿಲ್ಲ. ಆದರೆ ಸುಮ್ಮನಿರುವುದೂ ಸರಿಯಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಲ್ಯಾಪ್‌ಟಾಪ್ ಓಡುತ್ತದೆ, ನಿಧಾನವೂ ಆಗುವುದಿಲ್ಲ. ಭದ್ರತಾ ಅಪ್‌ಡೇಟ್ ಮಾತ್ರ ಬರುವುದಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅವಕಾಶ ಕೊಡಲಾಗಿದೆ. ಅಪ್‌ಡೇಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ಬ್ರೌಸರ್, ಪಾಠ, ಪತ್ರ ಬರೆಯುವುದು ಇಷ್ಟೇ ಸಾಕು ಎನ್ನುವವರಿಗೆ ಲಿನಕ್ಸ್ ಮಿಂಟ್ ಅಥವಾ ಗೂಗಲ್‌ನ ಕ್ರೋಮ್‌ಒಎಸ್ ಫ್ಲೆಕ್ಸ್ ಇವೆ. ಎರಡೂ ಉಚಿತ, ಎರಡೂ ಹಗುರ. ಕನ್ನಡ ಟೈಪಿಂಗ್ ಕೂಡ ಆಗುತ್ತದೆ. ಆದರೆ ಎಂಎಸ್ ಆಫೀಸ್‌ನಂಥ ವಿಂಡೋಸ್ ಪ್ರೋಗ್ರಾಂಗಳನ್ನು ಇವುಗಳಲ್ಲಿ ನೇರವಾಗಿ ಹಾಕಿಕೊಳ್ಳಲಾಗದು ಎಂಬುದು ನೆನಪಿರಲಿ.

ಎಸೆಯದೆ ಬಳಸುವುದಕ್ಕೆ ಇನ್ನೊಂದು ಕಾರಣವೂ ಇದೆ. ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ.

ಅಂಗಡಿಗೆ ಹೋಗುವ ಮುನ್ನ

• ಫೋಟೊ, ಅಂಕಪಟ್ಟಿ, ದಾಖಲೆಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಅದು ಕೆಡುತ್ತಿರಬಹುದು. ಇವತ್ತೇ ನಕಲು ಮಾಡಿ.
• ನಿಮ್ಮ ಲ್ಯಾಪ್‌ಟಾಪ್‌ಗೆ ಯಾವ ಎಸ್‌ಎಸ್‌ಡಿ ಹೊಂದುತ್ತದೆ ಎಂದು ಮಾಡೆಲ್ ಸಂಖ್ಯೆ ಹೇಳಿ ಕೇಳಿ. 2.5 ಇಂಚಿನದು, ಎಂ.2 ಸಾಟಾ, ಎನ್‌ವಿಎಂಇ ಎಂದು ಬಗೆಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಹೊಂದುವುದಿಲ್ಲ.
• ರ‍್ಯಾಮ್‌ನಲ್ಲೂ ಹಾಗೆಯೇ. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ.
• ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಸಂಗ್ರಹ ಮತ್ತು ರ‍್ಯಾಮ್ ಎರಡೂ ಬೆಸುಗೆ ಹಾಕಿದವು. ಅವನ್ನು ಬದಲಿಸಲಾಗದು.
• ತೆಗೆದ ಹಳೆಯ ಹಾರ್ಡ್ ಡಿಸ್ಕನ್ನು ಮರಳಿ ಪಡೆಯಿರಿ. ಅದರಲ್ಲಿ ನಿಮ್ಮ ಮಾಹಿತಿ ಇದೆ. ಚೆನ್ನಾಗಿದ್ದರೆ ಯುಎಸ್‌ಬಿ ಕೇಸ್‌ಗೆ ಹಾಕಿ ಬಳಸಬಹುದು.

ಎಚ್ಚರಿಕೆ: ವೇಗದ ಹೆಸರಿನಲ್ಲಿ ಮೋಸ

‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ನಾವು ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ’ ಎಂದು ಬರುವ ಕರೆ ಮೋಸ. ಮೈಕ್ರೋಸಾಫ್ಟ್ ಹಾಗೆ ತಾನಾಗಿ ಕರೆ ಮಾಡುವುದಿಲ್ಲ. ಅವರು ಹೇಳಿದ ಆ್ಯಪ್ ಹಾಕಿಕೊಂಡು ಪರದೆಯನ್ನು ಅವರ ಕೈಗೆ ಕೊಡಬೇಡಿ. ‘ಈ ಕಮಾಂಡ್ ಕಾಪಿ ಮಾಡಿ ರನ್ ಅಥವಾ ಪವರ್‌ಶೆಲ್‌ನಲ್ಲಿ ಹಾಕಿ’ ಎನ್ನುವ ಸಂದೇಶಗಳೂ ಅಪಾಯಕಾರಿ. ಆ ಒಂದು ಸಾಲು ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ತರಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ

ಪ್ರೊಸೆಸರ್ ಹಳೆಯದಾದ ಮಾತ್ರಕ್ಕೆ ನಿಧಾನವಾಗುವುದಿಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬದಲಿಸಲೂ ಆಗದು. ಗುಪ್ತ ಸೆಟ್ಟಿಂಗ್‌ನಿಂದ ವೇಗ ಬರುತ್ತದೆ ಎಂಬುದು ಸುಳ್ಳು. ಎಸ್‌ಎಸ್‌ಡಿ, ಸಾಕಷ್ಟು ರ‍್ಯಾಮ್, ಸ್ವಚ್ಛ ಫ್ಯಾನ್, ಈ ಮೂರರಲ್ಲಿ ನಿಮಗೆ ಬೇಕಾದದ್ದು ಯಾವುದೆಂದು ಟಾಸ್ಕ್ ಮ್ಯಾನೇಜರ್ ಹೇಳುತ್ತದೆ. ಮನೆಯ ಗುಂಪಿನಲ್ಲಿ ಯಾರಾದರೂ ‘ಲ್ಯಾಪ್‌ಟಾಪ್ ಹಳೆಯದಾಯಿತು, ಹೊಸದು ಕೊಡಿಸಿ’ ಎಂದು ಬರೆದರೆ, ಮೊದಲು ಆ ಐದು ನಿಮಿಷದ ಪರೀಕ್ಷೆ ಮಾಡಿ ನೋಡಲು ಹೇಳಿ.